ಕಪ್ಪು ಬಿಲ್ಲೆಯ 18 ತಿಂಗಳು: ಮಾರ್ಮನ್ ಮಿಷನ್ನಿಗೆ ಹೊರಡುವ ಹಿರಿಯ ದಂಪತಿಗೊಂದು ಕೈಪಿಡಿ

ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಮನೆಗೆ ಬೀಗ ಹಾಕಿ, ಸ್ವಂತ ಖರ್ಚಿನಲ್ಲಿ ಗೊತ್ತಿಲ್ಲದ ಊರಿಗೆ ಹೋಗಿ ಚರ್ಚಿನ ಕೆಲಸ ಮಾಡಿಬರುತ್ತೇವೆ ಎಂದಾಗ ಮೈಸೂರಿನಲ್ಲಿರುವ ನನ್ನ ಅಕ್ಕ ಕೇಳಿದ್ದು ಒಂದೇ ಮಾತು: "ಇದೇನು, ವಾನಪ್ರಸ್ಥವೇ?" ಹೌದು ಎನ್ನಲು ಬಾಯಿಗೆ ಬಂದಿತ್ತು. ಆದರೆ ವಾನಪ್ರಸ್ಥಕ್ಕೆ ಹೋದವರು ಹಾಸಿಗೆ ಹೊರುವುದಿಲ್ಲ, ಬಾಡಿಗೆ ಕರಾರಿಗೆ ಸಹಿ ಹಾಕುವುದಿಲ್ಲ, ಹತ್ತೊಂಬತ್ತರ ಹುಡುಗನಿಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಫೋನಿನಲ್ಲಿ ಹೇಳಿಕೊಡುವುದಿಲ್ಲ. ಓಹಾಯೋ ರಾಜ್ಯದಲ್ಲಿ 18 ತಿಂಗಳು ನಾವು ಹೆಚ್ಚಾಗಿ ಮಾಡಿದ್ದು ಇದನ್ನೇ.

ನಾವು ಯೂಟಾದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಚರ್ಚ್ ಸೇರಿದ ಕಥೆ, ಅದಕ್ಕೆ ಬಂಧುಗಳಿಂದ ಕೇಳಿದ ಮಾತು, ಇವೆರಡೂ ಇಲ್ಲಿ ಬೇಡ. ಮಿಷನ್ ಮುಗಿಸಿ ಬಂದ ಮೇಲೆ ಕನ್ನಡದ ಕೆಲವು ದಂಪತಿಗಳು ಫೋನ್ ಮಾಡಿ ಕೇಳಿದ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಬರೆದಿಡುತ್ತಿದ್ದೇನೆ. ಹೆಸರಿನ ಬಗ್ಗೆ ಒಂದು ಮಾತು: ಮಾರ್ಮನ್ ಎನ್ನುವುದು ಊರು ಇಟ್ಟ ಹೆಸರು. 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್' ಎಂದು ಪೂರ್ತಿಯಾಗಿ ಕರೆಯಿರಿ ಎಂದು ಚರ್ಚಿನ ಅಂದಿನ ಅಧ್ಯಕ್ಷ ರಸಲ್ ನೆಲ್ಸನ್ 2018ರಲ್ಲಿ ಒತ್ತಿ ಹೇಳಿದರು. ಮಿಷನರಿಗಳು ಎದೆಯ ಮೇಲೆ ಧರಿಸುವ ಕಪ್ಪು ಬಿಲ್ಲೆಯ ಮೇಲೆ ಇರುವುದೂ ಆ ಹೆಸರೇ. ಕನ್ನಡದ ಓದುಗರಿಗೆ ಗುರುತು ಹತ್ತಲೆಂದು ಹಳೆಯ ಹೆಸರನ್ನು ಇಲ್ಲಿ ಬಳಸಿದ್ದೇನೆ.

ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳಿ

ಬಿಳಿ ಅಂಗಿ ತೊಟ್ಟು ಜೋಡಿಯಾಗಿ ಬಾಗಿಲು ತಟ್ಟುವ ಹುಡುಗರನ್ನು ನೀವು ನೋಡಿರಬಹುದು. ಹಿರಿಯ ದಂಪತಿಯ ಕೆಲಸ ಅದಲ್ಲ. ಬಾಗಿಲು ತಟ್ಟಬೇಕೆಂಬ ನಿಯಮ ನಮಗಿಲ್ಲ, ಬೆಳಿಗ್ಗೆ 6.30ಕ್ಕೆ ಏಳು, ರಾತ್ರಿ 10.30ಕ್ಕೆ ಮಲಗು ಎಂಬ ಹುಡುಗರ ದಿನಚರಿಯೂ ನಮ್ಮನ್ನು ಕಟ್ಟುವುದಿಲ್ಲ. ಮಿಷನ್ ಕಚೇರಿ, ಐತಿಹಾಸಿಕ ಸ್ಥಳಗಳು, ಚರ್ಚಿನ ದೇವಾಲಯಗಳು (ಟೆಂಪಲ್), ಪರಿಹಾರ ಕಾರ್ಯ, ವಂಶಾವಳಿ ದಾಖಲೆಗಳು, ಸಣ್ಣ ಸಭೆಗಳಿಗೆ ಆಸರೆಯಾಗಿ ನಿಲ್ಲುವುದು, ಯುವ ಮಿಷನರಿಗಳ ಆರೋಗ್ಯ ನೋಡಿಕೊಳ್ಳುವುದು, ಹೀಗೆ ಕೆಲಸಗಳ ದೊಡ್ಡ ಪಟ್ಟಿಯೇ ಇದೆ. ಚರ್ಚಿನ ಜಾಲತಾಣದಲ್ಲಿ ಅದನ್ನು ನೋಡಿ ನಿಮ್ಮ ಇಷ್ಟ ತಿಳಿಸಬಹುದು. ಕಳುಹಿಸುವ ತೀರ್ಮಾನ ಮಾತ್ರ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಚರ್ಚಿನ ಕೇಂದ್ರ ಕಚೇರಿಯದು.

ಇಷ್ಟ ತಿಳಿಸುವ ಮುನ್ನ ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಮೂರು ಉತ್ತರ ಬರೆಯಿರಿ: ಎಷ್ಟು ತಿಂಗಳು, ಎಷ್ಟು ದೂರ, ಯಾವ ಕೆಲಸ ಬೇಡವೇ ಬೇಡ. ಆಮೇಲೆ ಅದಲುಬದಲು ಮಾಡಿಕೊಂಡು ಓದಿ. ನಮ್ಮವರು 23 ತಿಂಗಳು, ಆಫ್ರಿಕಾ ಎಂದು ಬರೆದಿದ್ದರು. ನಾನು ಆರು ತಿಂಗಳು, ಮೊಮ್ಮಗಳ ಮನೆಯಿಂದ ಒಂದು ದಿನದ ದಾರಿ ಎಂದು ಬರೆದಿದ್ದೆ. 40 ವರ್ಷ ಒಂದೇ ಮನೆಯಲ್ಲಿದ್ದವರು! 18 ತಿಂಗಳು, ಓಹಾಯೋ ಎನ್ನುವುದು ಆ ಎರಡು ಕಾಗದಗಳ ನಡುವೆ ನಡೆದ ಸಂಧಾನ.

2011ರಿಂದ ದಂಪತಿಗಳಿಗೆ 6, 12, 18, 23 ತಿಂಗಳು ಎಂಬ ಆಯ್ಕೆಗಳಿವೆ. ಮೊದಲ ಸಲದವರಿಗೆ ಆರು ತಿಂಗಳು ತೀರಾ ಕಡಿಮೆ ಎಂಬುದು ನನ್ನ ಈಗಿನ ಅಭಿಪ್ರಾಯ. ಕೆಲಸ ಕೈಗೆ ಹತ್ತಲು ಮೂರು ತಿಂಗಳು ಬೇಕು. ಹತ್ತಿದೊಡನೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ಮನೆ ಬಿಟ್ಟು ಹೋಗಲಾರದವರಿಗೆ ಮನೆಯಲ್ಲೇ ಇದ್ದು ವಾರಕ್ಕೆ ಕೆಲವು ಗಂಟೆ ದುಡಿಯುವ ಸೇವಾ ಮಿಷನ್ ಕೂಡ ಇದೆ. ಅದನ್ನು ಕೀಳೆಂದು ಎಣಿಸಬೇಡಿ.

ಅರ್ಜಿ

ಇದು ಸಲೀಸು. ನಿಮ್ಮ ವಾರ್ಡಿನ, ಎಂದರೆ ಸ್ಥಳೀಯ ಸಭೆಯ, ಬಿಷಪ್ಪರ ಬಳಿ ಹೋಗಿ. ಬಿಷಪ್ ಎಂದರೆ ಸಂಬಳದ ಪಾದ್ರಿಯಲ್ಲ, ವಾರವೆಲ್ಲ ತನ್ನ ಉದ್ಯೋಗ ಮಾಡಿಕೊಂಡು ಭಾನುವಾರ ಸಭೆ ನಡೆಸುವ ನೆರೆಮನೆಯವನು. ಅವರ ಸಂದರ್ಶನ, ಮೇಲೆ ಸ್ಟೇಕ್ (ಹಲವು ವಾರ್ಡುಗಳ ಗುಂಪು) ಅಧ್ಯಕ್ಷರ ಸಂದರ್ಶನ, ವೈದ್ಯರ ಮತ್ತು ದಂತವೈದ್ಯರ ತಪಾಸಣೆ, ಆನ್‌ಲೈನ್ ಅರ್ಜಿ. ನಿಮ್ಮನ್ನೇ ನಂಬಿದ ಚಿಕ್ಕ ಮಕ್ಕಳು ಮನೆಯಲ್ಲಿರಬಾರದು. ಆರೋಗ್ಯದ ಪ್ರಶ್ನೆಗಳಿಗೆ ಮಾತ್ರ ಸಂಕೋಚವಿಲ್ಲದೆ ನಿಜ ಬರೆಯಿರಿ. ಮಂಡಿನೋವು ಮುಚ್ಚಿಟ್ಟರೆ ಮೂರನೆಯ ಮಹಡಿಯ ಮನೆ ಸಿಗುತ್ತದೆ. ಕೆಲವು ವಾರಗಳ ನಂತರ ಚರ್ಚಿನ ಅಧ್ಯಕ್ಷರ ಹೆಸರಿನಲ್ಲಿ ಕರೆಪತ್ರ ಬರುತ್ತದೆ. ಮಕ್ಕಳು ಮೊಮ್ಮಕ್ಕಳನ್ನು ವಿಡಿಯೋ ಕರೆಯಲ್ಲಿ ಸೇರಿಸಿಕೊಂಡು ಅದನ್ನು ತೆರೆದು ಓದುವುದು ಯೂಟಾದ ಕಡೆ ಒಂದು ಸಣ್ಣ ಹಬ್ಬ.

ದುಡ್ಡಿನ ಮಾತು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಓಡಾಡಿ ಉಣ್ಣುವವರಿಗೂ ಸಾಲದು. ಯುವ ಮಿಷನರಿಗಳ ಲೆಕ್ಕ ಬೇರೆ. ಅಮೆರಿಕದವರಾದರೆ ಎಲ್ಲಿಗೇ ಹೋಗಲಿ, ತಿಂಗಳಿಗೆ ಒಂದೇ ಮೊತ್ತ ಕಟ್ಟುತ್ತಾರೆ. 2020ರ ಜುಲೈಯಲ್ಲಿ ಅದು 400 ಡಾಲರಿನಿಂದ 500ಕ್ಕೆ ಏರಿತು. ನಮಗೆ ಆ ಸಮಪಾಲು ಇಲ್ಲ. ನಮ್ಮ ಊಟ, ಕಾರು, ವಿಮೆ, ಔಷಧ ಎಲ್ಲವೂ ನಮ್ಮ ಜೇಬಿನದೇ. ಬಾಡಿಗೆಯ ಭಾರ ಕಂಡು ಹಿಂಜರಿಯುತ್ತಿದ್ದ ದಂಪತಿಗಳಿಗಾಗಿ 2011ರಲ್ಲಿ ಚರ್ಚು ವಸತಿ ಖರ್ಚಿಗೆ ತಿಂಗಳಿಗೆ 1400 ಡಾಲರ್ ಎಂಬ ಮಿತಿ ಹಾಕಿತು. ಅದರ ಮೇಲಿನದನ್ನು ಚರ್ಚೇ ಭರಿಸುವ ಏರ್ಪಾಡು. ಈಗಿನ ಮೊತ್ತವನ್ನು ಅರ್ಜಿ ಹಾಕುವಾಗಲೇ ಕೇಳಿ ಬರೆದುಕೊಳ್ಳಿ.

ಹೆಚ್ಚಿನವರು ಎಡವುವುದು ಬಾಡಿಗೆಯಲ್ಲಲ್ಲ, ಹಿಂದೆ ಬಿಟ್ಟುಬಂದ ಮನೆಯಲ್ಲಿ. ತೆರಿಗೆ, ಹುಲ್ಲು ಕತ್ತರಿಸುವವನ ಕೂಲಿ, ಚಳಿಗಾಲದ ಗ್ಯಾಸ್ ಬಿಲ್, ಇವು ನೀವಿಲ್ಲವೆಂದು ನಿಲ್ಲುವುದಿಲ್ಲ. ಎರಡು ಮನೆ ನಡೆಸುತ್ತಿದ್ದೇವೆ ಎಂದುಕೊಂಡೇ ಲೆಕ್ಕ ಹಾಕಿ. ನಾವು ಹೊರಡುವ ಮೊದಲು ಮೂರು ತಿಂಗಳು ಮಿಷನ್ನಿನ ಅಂದಾಜು ಖರ್ಚಿನಲ್ಲೇ ಮನೆಯಲ್ಲಿ ಬದುಕಿ ನೋಡಿದೆವು. ಎರಡನೆಯ ತಿಂಗಳೇ ಲೆಕ್ಕ ತಪ್ಪಿತು, ತಿದ್ದಿಕೊಂಡೆವು. ಅಮೆರಿಕದಿಂದ ಹೊರಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು. ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಾಮಾನ್ಯವಾಗಿ ದೇಶದ ಗಡಿ ದಾಟಿ ಬರುವುದಿಲ್ಲ; ಪ್ರತ್ಯೇಕ ಆರೋಗ್ಯ ವಿಮೆ ಬೇಕೇ ಬೇಕು.

ಮನೆಗೆ ಬೀಗ

ಬಾಡಿಗೆಗೆ ಕೊಡುವುದು, ಮಕ್ಕಳಲ್ಲಿ ಒಬ್ಬರನ್ನು ಇರಿಸುವುದು, ಮುಚ್ಚಿಡುವುದು, ಮೂರೇ ದಾರಿ. ಮುಚ್ಚಿಡುವುದಾದರೆ ವಿಮೆಯವರಿಗೆ ಮನೆ ಖಾಲಿ ಇರುತ್ತದೆಂದು ಬರಹದಲ್ಲಿ ತಿಳಿಸಿ, ಇಲ್ಲದಿದ್ದರೆ ಕೊಳವೆ ಒಡೆದ ದಿನ ಜಗಳ. ನೀರಿನ ಮುಖ್ಯ ಕವಾಟ ಮುಚ್ಚಿ. ಟಪಾಲು ಮಗಳ ವಿಳಾಸಕ್ಕೆ. ಬ್ಯಾಂಕು, ಆಸ್ತಿ, ಆಸ್ಪತ್ರೆ ವಿಷಯಗಳಲ್ಲಿ ನಿಮ್ಮ ಪರವಾಗಿ ಸಹಿ ಹಾಕಲು ಮಕ್ಕಳಲ್ಲಿ ಒಬ್ಬರಿಗೆ ಅಧಿಕಾರಪತ್ರ ಬರೆದುಕೊಡಿ. ಒಬ್ಬರಿಗೆ ಕೊಟ್ಟು ಉಳಿದವರಿಗೆ ತಿಳಿಸದಿದ್ದರೆ ನೀವು ಮರಳುವ ಹೊತ್ತಿಗೆ ಮಕ್ಕಳ ನಡುವೆ ಮಾತಿರುವುದಿಲ್ಲ. ಇದು ನನ್ನ ಮನೆಯದಲ್ಲ, ಕಣ್ಣಾರೆ ಕಂಡದ್ದು.

ಕಷ್ಟದ ಮಾತನ್ನೂ ಈಗಲೇ ಆಡಿ ಮುಗಿಸಿ. ನಾವಿಲ್ಲದಾಗ ಅತ್ತೆಯವರು ತೀರಿಕೊಂಡರೆ? ಮಗಳಿಗೆ ಹೆರಿಗೆಯಾದರೆ? ಹಿರಿಯ ದಂಪತಿಗಳು ಮಿಷನ್ ಅಧ್ಯಕ್ಷರ (ಆ ಪ್ರದೇಶದ ಮಿಷನರಿಗಳ ಮೇಲ್ವಿಚಾರಕರು) ಒಪ್ಪಿಗೆಯಿಂದ, ಸ್ವಂತ ಖರ್ಚಿನಲ್ಲಿ ಕೆಲವು ದಿನ ಮನೆಗೆ ಹೋಗಿಬರಬಹುದು. ಯಾವುದಕ್ಕೆ ಹೋಗುತ್ತೇವೆ, ಯಾವುದಕ್ಕೆ ಇಲ್ಲ ಎಂದು ಮೊದಲೇ ಮಾತಾಡಿಕೊಂಡರೆ ಆ ರಾತ್ರಿ ಫೋನ್ ಬಂದಾಗ ವಾದವಿರುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿರಬೇಕು

ನಾಲ್ಕು ಸೂಟ್‌ಕೇಸ್ ತುಂಬಿಸಿದ್ದೆವು. ಎರಡನ್ನು ಕೊನೆಯವರೆಗೂ ತೆರೆಯಲಿಲ್ಲ. ಗಂಡಸರಿಗೆ ಸೂಟು, ಟೈ. ಹೆಂಗಸರಿಗೆ ಲಂಗ ಅಥವಾ ಉದ್ದನೆಯ ಉಡುಪು. 2018ರ ಡಿಸೆಂಬರಿನಿಂದ ಮಹಿಳಾ ಮಿಷನರಿಗಳು ಪ್ಯಾಂಟನ್ನೂ ಧರಿಸಬಹುದು. ಹಿಮ ಸುರಿಯುವ ಊರಿನಲ್ಲಿ ಹಾಸಿಗೆ ಹೊರುವವಳಿಗೆ ಅದರ ಬೆಲೆ ಗೊತ್ತು. ಬಟ್ಟೆಗಿಂತ ಬೂಟಿಗೆ ಹಣ ಹಾಕಿ. ಮೂರು ತಿಂಗಳ ಔಷಧ, ಔಷಧ ಚೀಟಿಗಳ ಪ್ರತಿ, ಒಂದು ಹೆಚ್ಚುವರಿ ಕನ್ನಡಕ. ಕುಕ್ಕರ್, ಅದರ ರಬ್ಬರಿನ ಎರಡು ಬಳೆ, ಒಗ್ಗರಣೆ ಸೌಟು, ಸಾಂಬಾರ್ ಪುಡಿ. ಇಷ್ಟಿದ್ದರೆ ಅಡುಗೆಮನೆ ಯಾವ ಊರಿನಲ್ಲಿದ್ದರೂ ನಿಮ್ಮದೇ.

ಕಾಫಿ ಫಿಲ್ಟರ್ ಪಟ್ಟಿಯಲ್ಲಿ ಇಲ್ಲವೆಂದು ನೀವು ಗಮನಿಸಿರುತ್ತೀರಿ. ಕಾಫಿ, ಚಹಾ, ಮದ್ಯ, ತಂಬಾಕು ಬೇಡವೆಂಬ 1833ರ ನಿಯಮವನ್ನು ಈ ಚರ್ಚಿನವರು 'ವರ್ಡ್ ಆಫ್ ವಿಸ್ಡಮ್' ಎನ್ನುತ್ತಾರೆ. ಮೈಸೂರಿನ ಹೆಣ್ಣುಮಗಳು ಕಾಫಿ ಬಿಡುವುದೆಂದರೆ ಏನೆಂದು ಅದನ್ನು ಬರೆದವರಿಗೆ ತಿಳಿದಿರಲಾರದು. ಬಿಟ್ಟು ಎಷ್ಟೋ ವರ್ಷವಾಯಿತು. ಯಾರದೋ ಮನೆಯಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಬಂದರೆ ಕಾಲು ಈಗಲೂ ನಿಲ್ಲುತ್ತದೆ. ಜೀರಿಗೆ ಕಷಾಯಕ್ಕೆ ಅಡ್ಡಿಯಿಲ್ಲ. ನಮ್ಮ ಕಚೇರಿಯ ಹುಡುಗರು ಅದನ್ನು ಭಯಭಕ್ತಿಯಿಂದ ಕುಡಿಯುತ್ತಿದ್ದರು, ಭಯವೇ ಹೆಚ್ಚು.

ತರಬೇತಿಗೆ ಹೆದರಬೇಡಿ. ಹುಡುಗರು ಭಾಷೆ ಕಲಿಯಲು ವಾರಗಟ್ಟಲೆ ಕೂರುವ ಯೂಟಾದ ಪ್ರೋವೋ ತರಬೇತಿ ಕೇಂದ್ರದಲ್ಲಿ ಹಿರಿಯರಿಗೆ ಸುಮಾರು ಒಂದು ವಾರ. ಕೆಲವರಿಗೆ ಮನೆಯಿಂದಲೇ ಆನ್‌ಲೈನ್.

ಒಂದು ದಿನ ಹೇಗಿರುತ್ತದೆ

ಮೊದಲ ದಿನವೇ ಹೆಸರುಗಳಿಗೆ ಹೊಂದಿಕೊಳ್ಳಬೇಕು. ಗಂಡಸು ಮಿಷನರಿ 'ಎಲ್ಡರ್', ಹೆಂಗಸು 'ಸಿಸ್ಟರ್', ಜೊತೆಗೆ ಮನೆತನದ ಹೆಸರು ಮಾತ್ರ. ಎಲ್ಡರ್ ಎಂದರೆ ಹಿರಿಯ. ಮೀಸೆ ಸರಿಯಾಗಿ ಮೂಡದ ಹುಡುಗನನ್ನು ಅರವತ್ತೆಂಟರ ನಮ್ಮವರು ದಿನವೂ ಹಿರಿಯ ಎಂದು ಕರೆದರು, ಅವನೂ ಇವರನ್ನು ಹಾಗೆಯೇ ಕರೆದ. ನನ್ನನ್ನು ಸಿಸ್ಟರ್ ಎಂದಾಗಲೆಲ್ಲ ಊರಿನ ಸರ್ಕಾರಿ ಆಸ್ಪತ್ರೆಯ ನರ್ಸ್ ನೆನಪಾಗುತ್ತಿದ್ದರು.

ನಮ್ಮದು ಕಚೇರಿ ಮಿಷನ್. ಬೆಳಿಗ್ಗೆ ಇಬ್ಬರೂ ಕೂತು ಸ್ವಲ್ಪ ಓದು, ಪ್ರಾರ್ಥನೆ, ಉಪ್ಪಿಟ್ಟು. ಒಂಬತ್ತಕ್ಕೆ ಕಚೇರಿ. ನನ್ನ ಪಾಲಿಗೆ ಟಪಾಲು, ದಾಖಲೆ, ಬಂದುಹೋಗುವವರ ಪಟ್ಟಿ. ಅವರ ಪಾಲಿಗೆ ಮನೆಗಳು ಮತ್ತು ಕಾರುಗಳು. ಮಿಷನ್ನಿನ ಹುಡುಗ ಹುಡುಗಿಯರು ಇರುವ ಒಂದೊಂದು ಬಾಡಿಗೆ ಮನೆಯ ಕರಾರು, ವಿದ್ಯುತ್ ಬಿಲ್, ಮುರಿದ ಮಂಚ, ಕಟ್ಟಿದ ಮೋರಿ, ಎಲ್ಲಕ್ಕೂ ಅವರಿಗೇ ಫೋನ್. ಹುಡುಗರ ಕಾರುಗಳಲ್ಲಿ ವೇಗ ಮೀರಿದೊಡನೆ ದನಿಯೆತ್ತಿ ಎಚ್ಚರಿಸುವ ಒಂದು ಸಾಧನ ಇರುತ್ತದೆ. ಅದರ ವರದಿ ನೋಡಿ ಬುದ್ಧಿ ಹೇಳುವುದೂ ಇವರ ಕೆಲಸ. ಬುದ್ಧಿ ಹೇಳಿ ಹೊರಟವರನ್ನೇ ಒಮ್ಮೆ ಆ ದನಿ ಗದರಿತು.

ಆರು ವಾರಕ್ಕೊಮ್ಮೆ ವರ್ಗಾವಣೆ. ಯಾರು ಯಾರ ಜೊತೆ, ಯಾವ ಊರಿಗೆ ಎಂದು ಮಿಷನ್ ಅಧ್ಯಕ್ಷರು ತೀರ್ಮಾನಿಸುತ್ತಾರೆ. ಆ ವಾರ ನಿಮ್ಮ ಸ್ವಂತ ಯೋಜನೆ ಏನನ್ನೂ ಇಟ್ಟುಕೊಳ್ಳಬೇಡಿ. ಹೊಸಬರು ವಿಮಾನ ಇಳಿಯುತ್ತಾರೆ, ಮುಗಿಸಿದವರು ಹತ್ತುತ್ತಾರೆ, ಒಬ್ಬನ ಪೆಟ್ಟಿಗೆ ಇನ್ನೊಬ್ಬನ ವ್ಯಾನಿನಲ್ಲಿ ಹೋಗಿರುತ್ತದೆ, ಕಚೇರಿಯ ಪಡಸಾಲೆ ಮದುವೆಮನೆಯ ಉಗ್ರಾಣದಂತೆ ಕಾಣುತ್ತದೆ. ಸಂಜೆ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಮಾಡುತ್ತಿದ್ದೆ. ಮೊದಲ ಸಲ ಹಸಿಮೆಣಸಿನಕಾಯಿಯನ್ನು ಬೀನ್ಸ್ ಎಂದು ತಿಳಿದು ಅಗಿದ ಐಡಹೋದ ಹುಡುಗ, ಮನೆಗೆ ಮರಳುವ ದಿನ ಅದರ ವಿಧಾನ ಬರೆಸಿಕೊಂಡು ಹೋದ.

ಮನೆ ತಪಾಸಣೆಗೆ ಹೋಗುವಾಗ ಕೈಯಲ್ಲಿ ಏನಾದರೂ ತಿಂಡಿ ಇರಲಿ. ಮೊದಲು ತಿಂಡಿ, ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆಯಿರಿ. ಬಚ್ಚಲು ನೋಡಿ ಮುಖ ಸಿಂಡರಿಸಬೇಡಿ, ಬ್ರಷ್ ಹಿಡಿದು ಹೇಗೆ ತಿಕ್ಕುವುದೆಂದು ಒಮ್ಮೆ ಮಾಡಿ ತೋರಿಸಿ. ಆ ಮಕ್ಕಳಿಗೆ ಅದನ್ನು ಯಾರೂ ತೋರಿಸಿರುವುದಿಲ್ಲ. ಅವರ ಮನೆಯ ನೆನಪಿನ ಕಾಯಿಲೆಗೂ ನೀವೇ ಮದ್ದು. 2019ರ ಫೆಬ್ರವರಿಯವರೆಗೆ ಅವರು ಮನೆಯವರೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದು ಕ್ರಿಸ್‌ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಆದರೂ ಕೆಲವರು ಅಮ್ಮನಿಗೆ ಹೇಳಲಾಗದ್ದನ್ನು ಸ್ಟೇಪ್ಲರ್ ಕೇಳುವ ನೆಪದಲ್ಲಿ ಬಂದು ನಿಮ್ಮ ಮೇಜಿನ ಮುಂದೆ ಹೇಳುತ್ತಾರೆ. ಟೈಪ್ ಮಾಡುವುದನ್ನು ನಿಲ್ಲಿಸಿ. ಬಾಯಿ ಮುಚ್ಚಿಕೊಂಡು ಕೇಳಿ. ಕಾಯಿಲೆ ದೊಡ್ಡದೆನ್ನಿಸಿದರೆ ಅಧ್ಯಕ್ಷರ ಪತ್ನಿಗೆ ಅಥವಾ ಆರೋಗ್ಯ ನೋಡಿಕೊಳ್ಳುವವರಿಗೆ ಅಂದೇ ತಿಳಿಸಿ, ನೀವೇ ವೈದ್ಯರಾಗಬೇಡಿ.

ಭಾನುವಾರ ಎರಡು ಗಂಟೆಯ ಸಭೆ. ಅಂದು ಅಂಗಡಿಗೆ ಹೋಗುವಂತಿಲ್ಲ, ಆದ್ದರಿಂದ ಶನಿವಾರವೇ ಮೊಸರು ಇದೆಯೇ ನೋಡಿಕೊಳ್ಳಿ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ, ಉಳಿದ ಊಟದ ದುಡ್ಡು ಬಡವರಿಗೆ. ಏಕಾದಶಿ ಮಾಡಿ ಬೆಳೆದವರಿಗೆ ಇದು ಕಲಿಯಬೇಕಾದ ಪಾಠವಲ್ಲ. ಸಂಜೆಗಳಲ್ಲಿ ಒಂಟಿ ಮುದುಕರ ಮನೆಗೆ ಹೋಗಿ ಕೂತುಬರುವುದಿತ್ತು. ಒಬ್ಬ ಅಜ್ಜಿಗೆ ಧರ್ಮದ ಮಾತೇ ಬೇಕಿರಲಿಲ್ಲ, ಇಸ್ಪೀಟಿಗೆ ಜೊತೆ ಬೇಕಿತ್ತು. ಆಡಿದೆವು.

ಇಡೀ ದಿನ ಒಬ್ಬರಿಗೊಬ್ಬರು

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅವರು ಇಂಜಿನಿಯರಾಗಿ, ನಾನು ಲೆಕ್ಕಪತ್ರದವಳಾಗಿ 35 ವರ್ಷ ದುಡಿದೆವು. ಭೇಟಿಯಾಗುತ್ತಿದ್ದುದು ರಾತ್ರಿ ಊಟಕ್ಕೆ. ಮಿಷನ್ನಿನಲ್ಲಿ ಒಂದೇ ಮಲಗುವ ಕೋಣೆಯ ಮನೆ, ಒಂದೇ ಕಾರು, ಒಂದೇ ಕಚೇರಿ. ಮೂರನೆಯ ವಾರ ಅವರು ನನ್ನ ಕಡತಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿಟ್ಟರು. ನಾನು ಊರಿನ ಕ್ರಮದಲ್ಲಿ ಇಟ್ಟಿದ್ದೆ. ಅಂದು ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಮಾತಾಡಿದ್ದು ವೇಗದ ಯಂತ್ರವೊಂದೇ.

ಮೇಜುಗಳು ಬೇರೆ ಬೇರೆ ಕೋಣೆಯಲ್ಲಿರಲಿ. ಕೆಲಸದ ಗಡಿಯನ್ನು ಬರೆದು ಗೋಡೆಗೆ ಅಂಟಿಸಿ. ನಗಬೇಡಿ, ನಾವು ಅಂಟಿಸಿದ್ದೆವು. ದಿನಕ್ಕೆ ಅರ್ಧ ಗಂಟೆ ಒಬ್ಬೊಬ್ಬರೇ ನಡೆದುಬನ್ನಿ. ಯುವ ಮಿಷನರಿಗಳು ಜೊತೆಗಾರನನ್ನು ಬಿಟ್ಟು ಹೋಗುವಂತಿಲ್ಲ, ನಮಗೆ ಆ ನಿರ್ಬಂಧವಿಲ್ಲ, ಅದನ್ನು ಬಳಸಿಕೊಳ್ಳಿ. ಒಂದು ಸಂಗತಿ ಮಾತ್ರ ತಡವಾಗಿ ಗೊತ್ತಾಯಿತು: ಜೊತೆಗಾರನೊಡನೆ ಜಗಳವಾಡಿದ ಹುಡುಗರು ಸಲಹೆ ಕೇಳಲು ಬರುತ್ತಿದ್ದುದು ನಮ್ಮ ಬಳಿಗೇ, ಏಕೆಂದರೆ ನಾವು ಜಗಳವಾಡಿದ್ದು ಗೋಡೆಯಾಚೆಗೂ ಕೇಳಿಸಿತ್ತು.

ಸೋಮವಾರ ಬಿಡುವಿನ ದಿನ. ಬಟ್ಟೆ ಒಗೆಯುವುದು, ದಿನಸಿ, ಮೊಮ್ಮಕ್ಕಳಿಗೆ ವಿಡಿಯೋ ಕರೆ. ಹಿರಿಯರಿಗೆ ಮಕ್ಕಳೊಡನೆ ಮಾತಾಡಲು ದಿನದ ಕಟ್ಟಿಲ್ಲ, ಆದರೂ ಒಂದು ಹೊತ್ತು ಗೊತ್ತುಮಾಡಿಕೊಂಡರೆ ಅವರೂ ಕಾಯುತ್ತಾರೆ. ಒಂದು ಸೋಮವಾರ ಅನುಮತಿ ಪಡೆದು ಓಹಾಯೋದಲ್ಲೇ ಇರುವ ಕರ್ಟ್‌ಲ್ಯಾಂಡಿಗೆ ಹೋದೆವು. 1836ರಲ್ಲಿ ಪ್ರತಿಷ್ಠೆಯಾದ ಈ ಪಂಥದ ಮೊದಲ ದೇವಾಲಯ ಅಲ್ಲಿದೆ. ಬಹುಕಾಲ ಬೇರೊಂದು ಶಾಖೆಯ ಕೈಯಲ್ಲಿದ್ದು 2024ರ ಮಾರ್ಚಿನಲ್ಲಿ ನಮ್ಮ ಚರ್ಚಿಗೆ ಬಂತು. ಅಲ್ಲಿ ನಮಗೆ ದಾರಿ ತೋರಿಸಿ ವಿವರಿಸಿದವರೂ ನಮ್ಮಂಥದ್ದೇ ಒಂದು ಮುದಿ ಜೋಡಿ. ಗಂಡ ಇಸವಿ ಹೇಳುವುದು, ಹೆಂಡತಿ ತಿದ್ದುವುದು.

ಬೆಂಗಳೂರಿಗೆ ಹೋಗಬೇಕೆನ್ನುವವರಿಗೆ

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಬೆಂಗಳೂರಿನಲ್ಲಿ 1993ರಿಂದ ಮಿಷನ್ ಇದೆ. 2018ರ ಏಪ್ರಿಲ್ 1ರಂದು ನೆಲ್ಸನ್ ಅವರು ಹೊಸ ದೇವಾಲಯಗಳ ಪಟ್ಟಿ ಓದುತ್ತ ಬೆಂಗಳೂರಿನ ಹೆಸರು ಹೇಳಿದಾಗ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಇದ್ದವರೆಲ್ಲ ಎದ್ದು ನಿಂತಿದ್ದರು. 2020ರ ಡಿಸೆಂಬರ್ 2ರಂದು ಅದಕ್ಕೆ ಭೂಮಿಪೂಜೆ ಎನ್ನಬಹುದಾದ ಕಾರ್ಯಕ್ರಮ ನಡೆಯಿತು. ಕನ್ನಡ ಬಲ್ಲ ಹಿರಿಯ ದಂಪತಿಗೆ ಅಲ್ಲಿ ಕೆಲಸವಿಲ್ಲದೆ ಹೋದೀತೇ?

ಆದರೆ ಕಾಗದಪತ್ರ ಮೊದಲು. ಅಮೆರಿಕದ ಪೌರತ್ವ ಪಡೆದು ಒ.ಸಿ.ಐ. (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರು ಊರಿಗೆ ಹೋಗಲು ವೀಸಾ ಬೇಕಿಲ್ಲವಲ್ಲ ಎಂದು ನಿಶ್ಚಿಂತರಾಗಿರುತ್ತಾರೆ. ಧರ್ಮಪ್ರಚಾರದ ಕೆಲಸಕ್ಕೆ ಆ ಕಾರ್ಡ್ ಸಾಲದು, ಭಾರತ ಸರ್ಕಾರದ ವಿಶೇಷ ಅನುಮತಿ ಬೇಕು. ಕಾರ್ಡ್ ಇಲ್ಲದ ವಿದೇಶಿಯರಿಗೆ ಮಿಷನರಿ ವೀಸಾ ಎಂಬುದೇ ಬೇರೆ. ಪ್ರವಾಸಿ ವೀಸಾದಲ್ಲಿ ಹೋಗಿ ಬಿಲ್ಲೆ ಧರಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕಿವಿಗೊಡಬೇಡಿ. ಬೆಂಗಳೂರಿನಲ್ಲಿ ನಿಮ್ಮ ಬಂಧುಗಳಿರುತ್ತಾರೆ ಎಂಬುದನ್ನೂ ಎಣಿಕೆಗೆ ತೆಗೆದುಕೊಳ್ಳಿ. ಓಹಾಯೋದಲ್ಲಿ ನನ್ನ ಬಿಲ್ಲೆ ನೋಡಿ ಯಾರೂ ಅಳಲಿಲ್ಲ. ಜಯನಗರದಲ್ಲಿ ಅದನ್ನು ತೊಟ್ಟು ಚಿಕ್ಕಮ್ಮನ ಎದುರು ನಿಲ್ಲುವ ಧೈರ್ಯ ನನಗಿನ್ನೂ ಬಂದಿಲ್ಲ.

ಹಿಂತಿರುಗುವ ಮೊದಲು

ಮನೆಗೆ ಮರಳಿದ ಮೇಲೆ ಸ್ಟೇಕ್ ಅಧ್ಯಕ್ಷರು ಭೇಟಿ ಮಾಡಿ ಬಿಡುಗಡೆ ಹೇಳುತ್ತಾರೆ. ಆಗ ಬಿಲ್ಲೆ ತೆಗೆದಿಡಬೇಕು. ನಮ್ಮವರು ಮರುದಿನ ಬೆಳಿಗ್ಗೆ ಅಂಗಿ ತೊಟ್ಟು ಎದೆಯ ಮೇಲೆ ಕೈಯಾಡಿಸಿ ಹುಡುಕಿದರು. ಭಾನುವಾರದ ಸಭೆಯಲ್ಲಿ ಕೆಲವು ನಿಮಿಷ ಮಾತಾಡಲು ಹೇಳುತ್ತಾರೆ. ಚಿಕ್ಕದಾಗಿ ಮುಗಿಸಿ, ಫೋಟೋ ತೋರಿಸಬೇಡಿ.

ಅದಕ್ಕಿಂತ ಮುಖ್ಯವಾದದ್ದು ಹೊರಡುವ ಮುಂಚಿನ ವಾರದಲ್ಲಿದೆ. ಮುಂದಿನ ದಂಪತಿಗೆ ಒಂದು ನೋಟ್‌ಬುಕ್ ಬರೆದಿಡಿ. ಕಂಪ್ಯೂಟರಿನಲ್ಲಿರುವುದನ್ನಲ್ಲ, ಅದನ್ನು ಅವರು ಹೇಗೂ ಕಲಿಯುತ್ತಾರೆ. ಯಾವ ಮನೆಯ ಮಾಲೀಕನಿಗೆ ಬೆಳಿಗ್ಗೆ ಫೋನ್ ಮಾಡಿದರೆ ಕೋಪ, ಯಾವ ಹುಡುಗನಿಗೆ ಕಡಲೆಕಾಯಿ ಆಗಿಬರುವುದಿಲ್ಲ, ಇಸ್ಪೀಟಿನ ಅಜ್ಜಿಯ ಮನೆಗೆ ಯಾವ ವಾರ ಹೋಗಬೇಕು, ಅಡುಗೆಮನೆಯ ಎಡಗಡೆಯ ಒಲೆ ಹೊತ್ತಿಕೊಳ್ಳಲು ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯಬೇಕು. ನಮ್ಮದು 41 ಪುಟವಾಯಿತು. ಕುಕ್ಕರನ್ನೂ ಅಲ್ಲೇ ಬಿಟ್ಟುಬಂದೆವು. ಬಂದವರು ಮೊಂಟಾನಾದ ದನಕರು ಸಾಕುವ ದಂಪತಿ. ಹದಿನೈದು ದಿನ ಬಿಟ್ಟು ಆಕೆಯಿಂದ ಒಂದು ಸಂದೇಶ ಬಂತು: ಈ ಪಾತ್ರೆ ಸಿಳ್ಳೆ ಹಾಕುತ್ತಿದೆ, ನಾವು ಹೊರಗೆ ಓಡಬೇಕೇ?